ಪಾಕಗ್ರಂಥಗಳ ಮೌನ

ಪಾಕಗ್ರಂಥವನ್ನು ಓದುವುದು ಕಾವ್ಯವನ್ನು ಓದುವುದಕ್ಕಿಂತ ಸುಲಭವೆಂದು ಸಾಮಾನ್ಯರ ಎಣಿಕೆ. ಹೇಳಿದ ಪದಾರ್ಥಗಳನ್ನು ಹೇಳಿದಂತೆ ಕೂಡಿಸಿ ಒಲೆಯ ಮೇಲಿಟ್ಟರಾಯಿತು. ಅಲ್ಲಿ ಧ್ವನಿಯೆಲ್ಲಿ, ವ್ಯಂಗ್ಯವೆಲ್ಲಿ? ಆದರೆ ಹಳೆಯ ಪಾಕಗ್ರಂಥಗಳಲ್ಲಿ ಹೇಳಿದುದಕ್ಕಿಂತ ಹೇಳದೆ ಬಿಟ್ಟುದೇ ಹೆಚ್ಚು. ಹಾಗೆ ಬಿಟ್ಟುದನ್ನೆಲ್ಲ ಆ ಕಾಲದಲ್ಲಿ ಇಲ್ಲದುದೆಂದು ಎಣಿಸಿದರೆ ದೊಡ್ಡ ವಿದ್ವಾಂಸರೂ ಎಡವುವರು. ಇದಕ್ಕೆ ಇಡ್ಡಲಿಯ ಚರಿತ್ರೆಯೇ ನಿದರ್ಶನ.

ಇಮ್ಮಡಿ ಚಾವುಂಡರಾಯನು ಸುಮಾರು 1025ರಲ್ಲಿ ರಚಿಸಿದ ‘ಲೋಕೋಪಕಾರ’ದಲ್ಲಿ ಇಡ್ಡಲಿಯ ವಿಧಾನವುಂಟು. ಉದ್ದಿನಬೇಳೆಯನ್ನು ಮಜ್ಜಿಗೆಯಲ್ಲಿ ನೆನೆಯಿಟ್ಟು, ನುಣ್ಣಗೆ ಅರೆದು, ಮೊಸರಿನ ತಿಳಿಯನ್ನೂ ಸಂಬಾರವನ್ನೂ ಬೆರಸತಕ್ಕುದೆಂದು ಅದರ ತಾತ್ಪರ್ಯ. ಭಾರತೀಯ ಆಹಾರದ ಚರಿತ್ರೆಯನ್ನು 1994ರಲ್ಲಿ ಇಂಗ್ಲಿಷಿನಲ್ಲಿ ಬರೆದ ಕೆ. ಟಿ. ಅಚ್ಚಯ ಅವರು ಇಂತಹ ಪ್ರಾಚೀನ ಉಲ್ಲೇಖಗಳನ್ನೆಲ್ಲ ಶ್ರಮಪಟ್ಟು ಕೂಡಿಸಿ, ಇವುಗಳಲ್ಲಿ ಅಕ್ಕಿಯಿಲ್ಲ, ಹಿಟ್ಟನ್ನು ಬಹುಕಾಲ ಹುದುಗಿಸುವುದಿಲ್ಲ, ಹಬೆಯಲ್ಲಿ ಬೇಯಿಸುವುದೂ ಇಲ್ಲವೆಂದು ಗುರುತಿಸಿದರು. ಹುದುಗಿಸುವ ಮತ್ತು ಹಬೆಯ ವಿದ್ಯೆಗಳು 8ನೆಯ ಶತಮಾನದಿಂದ 12ನೆಯ ಶತಮಾನದೊಳಗೆ ಇಂಡೊನೇಷ್ಯದ ಅರಸರ ಬಾಣಸಿಗರ ಮೂಲಕ ಬಂದಿರಬಹುದೆಂದು ಊಹಿಸಿದರು. ಅವರ ಗ್ರಂಥವು ಆದರಣೀಯವಾದುದು. ಅದಿಲ್ಲದೆ ಈ ವಿಷಯವನ್ನು ಚರ್ಚಿಸಲು ತೊಡಗುವುದೇ ಕಷ್ಟ. ಆದರೆ ಈ ಊಹೆಯ ಭಾರವೆಲ್ಲ ಗ್ರಂಥಗಳ ಮೌನದ ಮೇಲೆ ನಿಂತಿದೆ.

ಆ ಮೌನವಾದರೂ ಪೂರ್ಣವಾದುದೇ? ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು 1130ರ ಸುಮಾರಿಗೆ ರಚಿಸಿದ ‘ಮಾನಸೋಲ್ಲಾಸ’ದ ಅನ್ನಭೋಗಪ್ರಕರಣದಲ್ಲಿ ‘ಇಡ್ಡರಿಕಾ’ ಎಂಬ ಭಕ್ಷ್ಯವಿದೆ. ಆ ಭಾಗವು ಬರೋಡೆಯ ಗಾಯಕವಾಡ ಗ್ರಂಥಮಾಲೆಯಲ್ಲಿ 1939ರಲ್ಲಿಯೇ ಅಚ್ಚಾಗಿತ್ತು. ಅಲ್ಲಿ ಉದ್ದಿನ ಹಿಟ್ಟಿಗೆ ಇರುವ ವಿಶೇಷಣ ‘ಆಮ್ಲೀಭೂತ’. ಇದು ಚ್ವಿಪ್ರತ್ಯಯಾಂತ, ಮೊದಲು ಹಾಗಿಲ್ಲದುದು ಹಾಗಾಯಿತೆಂಬುದೇ ಚ್ವಿಯ ಅರ್ಥ. ಹುಳಿಯಿಲ್ಲದ ಹಿಟ್ಟು ಹುಳಿಯಾಯಿತು. ಎಷ್ಟು ಜಾವದಲ್ಲಿ, ಎಲ್ಲಿಟ್ಟಾಗ ಎಂಬ ಮಾತಿಲ್ಲ. ಒಂದು ರಾತ್ರಿಯ ಕೆಲಸವೆಲ್ಲ ಒಂದು ಪ್ರತ್ಯಯದಲ್ಲಿ ಅಡಗಿತು! ಮುಂದೆ, ಆ ಹಿಟ್ಟನ್ನು ಒಳಗೆ ಬಟ್ಟೆ ಹಾಸಿದ ಪುಟ್ಟ ಬಟ್ಟಲುಗಳಿಗೆ ಹಾಕಿ, ಬೇರೆಯವುಗಳಿಂದ ಮುಚ್ಚಿ ಬೇಯಿಸಬೇಕಂತೆ. ಇಳಿಸಿದ ಮೇಲೆ ಮೆಣಸಿನ ಪುಡಿ, ತುಪ್ಪ, ಇಂಗು, ಜೀರಿಗೆ. ಹಬೆಯ ಹೆಸರಿಲ್ಲ, ನಿಜ. ಆದರೆ ಬಟ್ಟೆ ಹಾಸಿದ ಬಟ್ಟಲನ್ನು ಕೆಂಡದ ಮೇಲಿಟ್ಟರೆ ಬಟ್ಟೆ ಉಳಿಯುವುದೇ? ಚೀನದ ಯಾತ್ರಿಕ ಹ್ಯೂಯೆನ್‌ತ್ಸಾಂಗನು ಭಾರತದಲ್ಲಿ ಹಬೆಯ ಪಾತ್ರೆಯಿಲ್ಲವೆಂದನೆಂಬುದನ್ನೂ ಅಚ್ಚಯರು ಉಲ್ಲೇಖಿಸುತ್ತಾರೆ. ಮಡಕೆಯ ಬಾಯಿಗೆ ಬಟ್ಟೆ ಕಟ್ಟಿದರೆ ಹಬೆಗೆ ಬೇರೆ ಪಾತ್ರೆಯೇಕೆ? ಈ ವಿದ್ಯೆ ದ್ವೀಪಾಂತರದಿಂದ ಬಂದಿತೋ ಇಲ್ಲವೋ ಎಂಬುದನ್ನು ಸೋಮೇಶ್ವರನ ಮಾತು ನಿರ್ಣಯಿಸದು. ನೂರು ವರ್ಷ ಹಿಂದಿನ ಚಾವುಂಡರಾಯನ ಮೌನವೂ ನಿರ್ಣಯಿಸದು.

ಹಳೆಯ ಪಾಕವಿಧಿಯೆಂದರೆ ಸೂತ್ರ. ವ್ಯಾಖ್ಯಾನವು ಅಡುಗೆಮನೆಯಲ್ಲಿ, ತಾಯಿಯ ಕೈಯಲ್ಲಿ, ಬಾಣಸಿಗನ ಕಣ್ಣಿನಲ್ಲಿ ಇರುತ್ತಿತ್ತು. ಸೂತ್ರಕಾರನು ಅಧ್ಯಾಹಾರಕ್ಕೆ ಬಿಟ್ಟ ಪದವನ್ನು ಅವನು ಅರಿಯನೆಂದು ಯಾವ ವೈಯಾಕರಣನೂ ಹೇಳನು. 16ನೆಯ ಶತಮಾನದಲ್ಲಿ ಮೂರನೆಯ ಮಂಗರಸನು ತನ್ನ ‘ಸೂಪಶಾಸ್ತ್ರ’ವನ್ನು ವಾರ್ಧಕ ಷಟ್ಪದಿಯಲ್ಲಿ ಬರೆದುದೂ ಬಾಯಿಪಾಠದ ಅನುಕೂಲವನ್ನು ನೋಡಿಯೇ ಇರಬೇಕು.

ಗುರುವಿಲ್ಲದ ಓದುಗನಿಗಾಗಿ ಬರೆಯುವಾಗ ಮಾತ್ರ ಎಲ್ಲವನ್ನೂ ಬಿಡಿಸಿ ಹೇಳಬೇಕಾಗುತ್ತದೆ. ಇಂಗ್ಲೆಂಡಿನಲ್ಲಿ ಎಲೈಜಾ ಆಕ್ಟನ್ ಎಂಬಾಕೆ 1845ರ ತನ್ನ ಪುಸ್ತಕದಲ್ಲಿ ಪ್ರತಿಯೊಂದು ಪಾಕದ ಕೊನೆಗೂ ಪದಾರ್ಥಗಳ ತೂಕವನ್ನೂ ಬೇಯುವ ಕಾಲವನ್ನೂ ಬೇರೆಯಾಗಿ ಕೊಟ್ಟಳು. 1861ರಲ್ಲಿ ಇಸಬೆಲ್ಲಾ ಬೀಟನ್ ಆ ಪಟ್ಟಿಯನ್ನು ಆರಂಭಕ್ಕೆ ತಂದಳು. ಈ ಮಾರ್ಗವು ಎಷ್ಟು ದೂರ ಹೋಯಿತೆಂದರೆ, ಹದಗೊಳಿಸಿದ ಹಂದಿಮಾಂಸದ ಪಟ್ಟಿಗಳನ್ನು ರೊಟ್ಟಿಯ ನಡುವೆ ಇಟ್ಟು ತಿನ್ನುವ ‘ಬೇಕನ್ ಸ್ಯಾಂಡ್‌ವಿಚ್’ ಎಂಬ ಅತಿ ಸುಲಭದ ತಿಂಡಿಗೆ 2007ರಲ್ಲಿ ಲೀಡ್ಸ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಗಣಿತದ ಸಮೀಕರಣವನ್ನೇ ಬರೆದರು. 700 ಬಗೆಗಳ ಪರೀಕ್ಷೆ ನಡೆಯಿತು. ಎರಡು ಮೂರು ಪಟ್ಟಿಗಳು, ಸುಮಾರು 240 ಡಿಗ್ರಿಯ ಕಾವು, 7 ನಿಮಿಷ, 1ರಿಂದ 2 ಸೆಂಟಿಮೀಟರ್ ದಪ್ಪದ ರೊಟ್ಟಿ. (ಖರ್ಚು ಡೆನ್ಮಾರ್ಕಿನ ಮಾಂಸವ್ಯಾಪಾರಿಗಳ ಮಂಡಲಿಯದು; ಶಾಸ್ತ್ರಕ್ಕೆ ಆಶ್ರಯದಾತರು ಎಲ್ಲ ಕಾಲದಲ್ಲಿಯೂ ಬೇಕು!) ಇಷ್ಟು ಸೂಕ್ಷ್ಮವಾದ ವಿಧಿಯಲ್ಲಿಯೂ ಮಾಂಸಕ್ಕೆ ಉಪ್ಪು ಹಿಡಿಸುವ ಕ್ರಮ, ರೊಟ್ಟಿಯ ಹಿಟ್ಟನ್ನು ಉಬ್ಬಿಸುವ ಕ್ರಮ ಇಲ್ಲ, ಅವು ಅಂಗಡಿಯಲ್ಲಿ ಮುಗಿದುಹೋದ ಕೆಲಸ. ಸಾವಿರ ವರ್ಷಗಳ ಮೇಲೆ ಅದನ್ನು ಓದಿದವನೊಬ್ಬನು, ಆಂಗ್ಲರು ಹುದುಗನ್ನೇ ಅರಿಯರೆಂದು ಬರೆದರೆ ಯಾರು ತಡೆಯುವರು?

ಆದರೆ ಮೌನವೆಲ್ಲ ಒಂದೇ ತೂಕದ್ದಲ್ಲ. ಪಾಕಗ್ರಂಥಕಾರರು ಕ್ರಿಯೆಯನ್ನು ಬಿಡುವಷ್ಟು ಸುಲಭವಾಗಿ ದ್ರವ್ಯವನ್ನು ಬಿಡುವುದಿಲ್ಲ. ಹಿಟ್ಟು ಹುಳಿಯಾಗುವ ಬಗೆಯನ್ನು ಓದುಗನು ತಾನೇ ತುಂಬಿಕೊಳ್ಳಬಲ್ಲನು. ಹೆಸರಿಸದ ಧಾನ್ಯವನ್ನು ತುಂಬಿಕೊಳ್ಳಲಾರನು. ಇಂಗು ಜೀರಿಗೆಗಳನ್ನೂ ಮರೆಯದ ಸೋಮೇಶ್ವರನು ಅಕ್ಕಿಯನ್ನು ಹೇಳದಿರುವಾಗ, ಕಲ್ಯಾಣದ ಅರಮನೆಯ ಇಡ್ಡರಿಕೆಯು ಬರಿಯ ಉದ್ದಿನದೆಂದೇ ತಿಳಿಯಬೇಕು. ಅಕ್ಕಿಯ ವಿಷಯದಲ್ಲಿ ಅಚ್ಚಯರ ಮಾತು ನಿಲ್ಲುತ್ತದೆ.