ಹೊಂಗೂದಲ ಹುಡುಗಿಯ ಕಾಗುಣಿತ

ಅನಿತಾ ಲೂಸ್ ಅವರ ‘ಜೆಂಟಲ್‌ಮೆನ್ ಪ್ರಿಫರ್ ಬ್ಲಾಂಡ್ಸ್’ (1925) ಕಾದಂಬರಿಯ ಕೆಲವು ಪುಟಗಳನ್ನು ಕನ್ನಡಕ್ಕೆ ತರಲು ಕೂತಾಗ ಮೊದಲ ತೊಡಕು ಶೀರ್ಷಿಕೆಯಲ್ಲೇ ಎದುರಾಯಿತು. ‘ಬ್ಲಾಂಡ್’ ಎಂಬುದನ್ನು ‘ಹೊಂಗೂದಲಿನವಳು’ ಎಂದರೆ ಬಣ್ಣವೇನೋ ಬರುತ್ತದೆ; ಆದರೆ ಅಮೆರಿಕದಲ್ಲಿ ಆ ಪದಕ್ಕೆ ಅಂಟಿಕೊಂಡಿರುವ ‘ಚೆಂದವಿದ್ದಾಳೆ, ತಲೆಯಿಲ್ಲ’ ಎಂಬ ತೀರ್ಪು ಬರುವುದಿಲ್ಲ. ನಮ್ಮಲ್ಲಿ ಮಗುವಿನ ಕೂದಲು ಕೆಂಚಗಾದರೆ ಎಣ್ಣೆ ಹಚ್ಚಿಲ್ಲವೆಂದು ಅಜ್ಜಿಯರು ತಾಯಿಯನ್ನು ಬೈಯುತ್ತಾರೆಯೇ ಹೊರತು ಮಗು ದಡ್ಡ ಎನ್ನುವುದಿಲ್ಲ.

ಕಾದಂಬರಿ ಇರುವುದು ಲೊರೆಲೈ ಲೀ ಎಂಬಾಕೆಯ ದಿನಚರಿಯ ರೂಪದಲ್ಲಿ. ಲಿಟಲ್ ರಾಕ್ ಎಂಬ ಊರಿನಿಂದ ಬಂದ ಈಕೆಗೆ ವಿದ್ಯೆ ಕೊಡಿಸುವ ನೆಪದಲ್ಲಿ ಅಂಗಿ ಗುಂಡಿಗಳ ವ್ಯಾಪಾರಿಯೊಬ್ಬ ದುಡ್ಡು ಸುರಿಯುತ್ತಾನೆ. ಬರೆಯುವುದೆಲ್ಲ ತಪ್ಪು ತಪ್ಪು. ಐಫೆಲ್ ಗೋಪುರ ಅವಳ ಕೈಯಲ್ಲಿ ‘ಕಣ್ತುಂಬುವ ಗೋಪುರ’ವಾಗುತ್ತದೆ. ವಿಯೆನ್ನಾದಲ್ಲಿ ಫ್ರಾಯ್ಡ್‌ರನ್ನು ಕಂಡು ಅವರ ಹೆಸರಿನ ಸ್ಪೆಲಿಂಗನ್ನೂ ಕೆಡಿಸುತ್ತಾಳೆ. ಮೊದಲ ಓದಿನಲ್ಲಿ ನಾನು ಇಲ್ಲೆಲ್ಲ ನಕ್ಕಿದ್ದೆ. ಕನ್ನಡ ಮಾಧ್ಯಮದಲ್ಲಿ ಓದಿ, ಸ್ಪೆಲಿಂಗಿನ ದೆಸೆಯಿಂದಲೇ ಎಷ್ಟೋ ಸಲ ನಗೆಪಾಟಲಾದ ನಾನೇ!

ಅನುವಾದಕ್ಕೆ ತೊಡಗಿದಾಗ ನಗು ನಿಂತಿತು. ಅವಳು ಕೆಡಿಸಿದ ಆ ಹೆಸರು ಕನ್ನಡ ಲಿಪಿಯಲ್ಲಿ ‘ಫ್ರಾಯ್ಡ್’ ಎಂದೇ ಆಗುತ್ತದೆ. ಕಿವಿಗೆ ಬಿದ್ದದ್ದನ್ನು ಬಿದ್ದ ಹಾಗೆ ಬರೆದಿದ್ದಾಳೆ, ಅಷ್ಟೇ. ನಮ್ಮ ಲಿಪಿಯಲ್ಲಿ ತಪ್ಪೇ ಇಲ್ಲ, ಹಾಗಾಗಿ ಹಾಸ್ಯವೂ ಇಲ್ಲ. ಹಾಸ್ಯ ಹೋದ ಮೇಲೆ ಪುಟದಲ್ಲಿ ಉಳಿಯುವುದು ಲೆಕ್ಕಾಚಾರ: ಯಾರಿಂದ ವಜ್ರ, ಯಾರೊಡನೆ ಮದುವೆ. ಕೊನೆಗೆ, ಸಿನಿಮಾಗಳಲ್ಲಿ ಅನೀತಿ ಹುಡುಕುವ ಸಿರಿವಂತನನ್ನೇ ಮದುವೆಯಾಗಿ ಅವನ ದುಡ್ಡಿನಲ್ಲೇ ಸಿನಿಮಾ ಮಾಡಿಸುವವಳು ಇವಳು. ಇವಳ ಬಲೆಗೆ ಬೀಳುವವರೆಲ್ಲ ಕಾಗುಣಿತ ಬಲ್ಲ ಗಂಡಸರು.

ಹಾಗೆಂದು ಲೂಸ್ ಅವರನ್ನು ನಾನು ಪೂರ್ತಿ ಒಪ್ಪಲಾರೆ. ರೈಲಿನಲ್ಲಿ ಹೊಂಗೂದಲಿನ ಹೆಣ್ಣೊಬ್ಬಳ ಸೇವೆಗೆ ಗಂಡಸರೆಲ್ಲ ಮುಗಿಬಿದ್ದರು, ಕಪ್ಪುಗೂದಲಿನ ತನ್ನ ಪೆಟ್ಟಿಗೆಗೆ ಮಾತ್ರ ಯಾರೂ ಕೈಹಾಕಲಿಲ್ಲ, ಕತೆ ಹುಟ್ಟಿದ್ದು ಅಲ್ಲಿ ಎಂದು ಅವರೇ ಹೇಳಿಕೊಂಡಿದ್ದಾರೆ. ತಪ್ಪು ಗಂಡಸರದು, ಪೆದ್ದಿ ಎಂಬ ಹೆಸರು ಬಂದದ್ದು ಆ ಹೆಣ್ಣಿಗೆ.

1953ರಲ್ಲಿ ಹೊವಾರ್ಡ್ ಹಾಕ್ಸ್ ನಿರ್ದೇಶಿಸಿದ ಸಿನಿಮಾದಲ್ಲಿ ದಿನಚರಿಯೇ ಇಲ್ಲ. ಪುಸ್ತಕದಲ್ಲಿ ಲೋಕವನ್ನು ನೋಡಿ ಬರೆಯುತ್ತಿದ್ದವಳನ್ನು ಇಲ್ಲಿ ನಾವು ನೋಡುತ್ತೇವೆ. ಪಾತ್ರ ಮಾಡಿದ ಮರ್ಲಿನ್ ಮನ್ರೋ ಅವರ ಹುಟ್ಟುಗೂದಲು ಕಂದು, ಹೊಂಬಣ್ಣ ಹಾಕಿಸಿಕೊಂಡದ್ದು. ಆ ಬಣ್ಣವನ್ನೇ ಜನ ಆಕೆಯ ಬುದ್ಧಿಮಟ್ಟವೆಂದು ತಿಳಿದರು. ಎಲ್ಲರೂ ಮಾತಾಡುವುದು ವಜ್ರದ ಹಾಡಿನ ಬಗ್ಗೆ. ನನಗೆ ಮುಖ್ಯವೆನಿಸುವುದು ಆಮೇಲಿನ ನ್ಯಾಯಾಲಯದ ದೃಶ್ಯ. ಗೆಳತಿ ಡೊರೊತಿ (ಜೇನ್ ರಸೆಲ್) ಹೊಂಗೂದಲಿನ ವಿಗ್ ತೊಟ್ಟು, ದನಿ ಮೆತ್ತಗೆ ಮಾಡಿಕೊಂಡು, ಲೊರೆಲೈ ಎಂದು ಹೇಳಿಕೊಂಡು ಬರುತ್ತಾಳೆ. ನ್ಯಾಯಾಲಯ ನಂಬುತ್ತದೆ. ‘ಬ್ಲಾಂಡ್’ ಆಗಲು ಅಷ್ಟು ಸಾಕು.

ಇದನ್ನು ನೋಡಿದ ಮೇಲೆ ನನ್ನ ಕರಡನ್ನು ಮತ್ತೆ ತೆಗೆದೆ. ಕನ್ನಡದಲ್ಲೂ ನಗು ಬರಲೆಂದು ಲೊರೆಲೈ ಕೈಯಲ್ಲಿ ‘ಹಣ’ವನ್ನು ‘ಅಣ’ ಎಂದೂ ‘ಹಡಗ’ನ್ನು ‘ಅಡಗು’ ಎಂದೂ ಬರೆಸಿದ್ದೆ. ಓದಿದರೆ ಅಮೆರಿಕದ ಹೊಂಗೂದಲಿನವಳು ಎಲ್ಲೂ ಇರಲಿಲ್ಲ. ನನ್ನ ಹೈಸ್ಕೂಲಿನ ಹಿಂದಿನ ಬೆಂಚಿನ ಹುಡುಗಿಯರು ಕೇಳಿಸುತ್ತಿದ್ದರು. ಆ ತಪ್ಪುಗಳನ್ನೆಲ್ಲ ತೆಗೆದುಹಾಕಿದ್ದೇನೆ. ಬದಲಿಗೆ ಏನು ಹಾಕಬೇಕೆಂಬುದು ಇನ್ನೂ ಹೊಳೆದಿಲ್ಲ.