ಪಾರ್ಥನೋ ಅರ್ಜುನನೋ: ಮಹಾಕಾವ್ಯದ ಪರಿಭಾಷೆ ಕುರಿತು

ಮೋಕದಿಂದ ಬಳ್ಳಾರಿಗೆ ಬಸ್ಸಿನಲ್ಲಿ ಓಡಾಡಿ ಪದವಿ ಓದುವ ಕೆಲವು ಹುಡುಗ ಹುಡುಗಿಯರು ಪರೀಕ್ಷೆ ಹತ್ತಿರವಾದಾಗ ಕನ್ನಡ ನೋಟ್ಸು ಹಿಡಿದು ನನ್ನಲ್ಲಿಗೆ ಬರುತ್ತಾರೆ. ‘ಮಹಾಕಾವ್ಯದ ಲಕ್ಷಣಗಳು’ ಎಂಬ ಪುಟ ಎಲ್ಲರ ನೋಟ್ಸಿನಲ್ಲೂ ಹೆಚ್ಚುಕಡಿಮೆ ಒಂದೇ. ಧೀರೋದಾತ್ತ ನಾಯಕ, ಅಷ್ಟಾದಶ ವರ್ಣನೆ, ಭವ್ಯಶೈಲಿ, ಮಹೋಪಮೆ, ಕಾವ್ಯದೇವಿಯ ಆವಾಹನೆ, ಕಥೆಯ ನಡುವಿನಿಂದ ಆರಂಭ. ಅರ್ಧ ಸಂಸ್ಕೃತದ ಲಾಕ್ಷಣಿಕರಿಂದ ಬಂದದ್ದು, ಅರ್ಧ ಹೋಮರ್-ವರ್ಜಿಲರ ಚರ್ಚೆಯಿಂದ ಬಂದದ್ದು. ಇದೇ ಮಕ್ಕಳು ಊರ ಬಯಲಿನಲ್ಲಿ ದೊಡ್ಡಾಟವಾದರೆ ಬೆಳಗಿನ ಜಾವದವರೆಗೆ ಕೂತು ನೋಡಿ ಬಂದವರು. ಕಂಡ ಆಟಕ್ಕೂ ಬರೆದ ಪುಟಕ್ಕೂ ಏನಾದರೂ ನಂಟಿದೆ ಎಂದು ಅವರಿಗೆ ಅನ್ನಿಸಿಲ್ಲ. ಪುಟ ಅದಕ್ಕೆ ಆಸ್ಪದವನ್ನೇ ಕೊಟ್ಟಿಲ್ಲ. ಹಾಜರಿ ಪುಸ್ತಕದಲ್ಲಿ ಹೆಸರು ಕೂಗುವಂತೆ ಒಂದೊಂದು ಲಕ್ಷಣವನ್ನು ಕೂಗುವುದು, ಕಾವ್ಯ ‘ಹಾಜರ್’ ಎಂದರೆ ಗುರುತು ಹಾಕುವುದು, ಇಷ್ಟೇ ಅಭ್ಯಾಸ.

ಪರಿಭಾಷೆ ಬೇಡವೆಂಬ ವಾದ ನನ್ನದಲ್ಲ. ಪದ್ಯದಲ್ಲಿ ಮೊದಲು ಕೇಳಿಸದೇ ಇದ್ದದ್ದನ್ನು ಕೇಳಿಸುವ ಪದ ಬೇಕು. ಉಳಿದವನ್ನು ಬಿಡಬಹುದು.

‘ಮಹಾಕಾವ್ಯ’ ಎಂಬ ಪದವನ್ನೇ ನೋಡಿ. ನಾವು ಅದನ್ನು ಎರಡು ಅರ್ಥದಲ್ಲಿ ಬಳಸಿ ಗೋಜಲು ಮಾಡಿಕೊಂಡಿದ್ದೇವೆ. ಒಂದು, ದಂಡಿ ಹೇಳಿದ ಸರ್ಗಬಂಧ: ಸರ್ಗಗಳಾಗಿ ಹಂಚಿದ, ನಗರ ಸಮುದ್ರ ಋತು ಚಂದ್ರೋದಯಗಳ ವರ್ಣನೆಯುಳ್ಳ ಕಾವ್ಯ. ಇನ್ನೊಂದು, ಇಂಗ್ಲಿಷಿನವರು ಎಪಿಕ್ ಎನ್ನುವುದು. ವ್ಯಾಸಭಾರತವನ್ನು ನಮ್ಮ ಪರಂಪರೆ ಇತಿಹಾಸವೆಂದೇ ಕರೆಯಿತು. ಅದನ್ನು ಮೊದಲನೆಯ ಅಳತೆಗೋಲಿನಿಂದ ಅಳೆದರೆ ಎಲ್ಲ ಕಡೆಯೂ ಹೆಚ್ಚುಕಮ್ಮಿಯೇ. ಇಷ್ಟಕ್ಕೂ ದಂಡಿ ಕಟ್ಟುನಿಟ್ಟಿನವನಲ್ಲ. ಈ ಅಂಗಗಳಲ್ಲಿ ಕೆಲವು ಇಲ್ಲದಿದ್ದರೂ, ಇರುವವು ಬಲ್ಲವರನ್ನು ತಣಿಸಿದರೆ ಕಾವ್ಯಕ್ಕೆ ದೋಷವಿಲ್ಲ ಎಂದು ಅವನೇ ಹೇಳಿದ್ದಾನೆ. ನೋಟ್ಸಿಗೆ ಪಟ್ಟಿ ಇಳಿದು ಬಂತು, ಈ ಮಾತು ಇಳಿಯಲಿಲ್ಲ.

‘ಕಥೆಯ ನಡುವಿನಿಂದ ಆರಂಭ’ ರೋಮಿನ ಹೊರೇಸ್ ಹೋಮರನನ್ನು ಮೆಚ್ಚಿ ಹೇಳಿದ ಗುಣ. ರನ್ನನ ಗದಾಯುದ್ಧಕ್ಕೆ ಇದನ್ನು ಅಂಟಿಸಿ, ಜತೆಗೆ ‘ಫ್ಲ್ಯಾಶ್‌ಬ್ಯಾಕ್ ತಂತ್ರ’ ಎಂದು ಸೇರಿಸುವುದು ವಾಡಿಕೆ. ರನ್ನನೇ ತನ್ನ ಕ್ರಮಕ್ಕೆ ಸಿಂಹಾವಲೋಕನ ಎಂದು ಹೆಸರಿಟ್ಟಿರುವಾಗ ಸಾಲದ ಪದವೇಕೆ? ಸಿಂಹ ನಡೆಯುತ್ತಲೇ ಹಿಂದಿರುಗಿ ನೋಡುತ್ತದೆ. ಹತ್ತು ಆಶ್ವಾಸಗಳ ಈ ಚಂಪುವಿನಲ್ಲಿ ದುರ್ಯೋಧನ ಸಂಜಯನ ಜತೆ ರಣಭೂಮಿಯಲ್ಲಿ ಹೆಣಗಳ ನಡುವೆ ನಡೆಯುತ್ತಾನೆ. ದ್ರೋಣ ಸಿಗುತ್ತಾನೆ, ಅಭಿಮನ್ಯು ಸಿಗುತ್ತಾನೆ, ಮಗ ಲಕ್ಷಣಕುಮಾರ, ತಮ್ಮ ದುಶ್ಶಾಸನ, ಗೆಳೆಯ ಕರ್ಣ ಸಿಗುತ್ತಾರೆ. ಒಂದೊಂದು ಹೆಣದ ಮುಂದೆಯೂ ಭಾರತದ ಒಂದೊಂದು ತುಂಡು ನೆನಪಾಗಿ ಬರುತ್ತದೆ. ಕವಿ ಕಥೆಯನ್ನು ಹಿಂದಕ್ಕೆ ಓಡಿಸಿದ್ದಾನೆ ಅನ್ನಿಸುವುದಿಲ್ಲ. ಹಿಂದಿನದೆಲ್ಲ ಆ ಒಬ್ಬನ ಹೆಗಲ ಮೇಲಿದೆ, ಕಾಲು ಮಾತ್ರ ವೈಶಂಪಾಯನ ಸರೋವರದ ಕಡೆಗೇ ಹೋಗುತ್ತಿವೆ. ‘ಫ್ಲ್ಯಾಶ್‌ಬ್ಯಾಕ್’ ಎಂದೊಡನೆ ಈ ನಡಿಗೆ ಕಾಣದಾಗುತ್ತದೆ.

ಕುಮಾರವ್ಯಾಸನ ಪ್ರತಿ ಸಂಧಿಯ ತಲೆಯಲ್ಲಿ ‘ಸೂಚನೆ’ ಇರುತ್ತದೆ. ಮುಂದೆ ಆಗುವುದನ್ನು ಮೊದಲೇ ಹೇಳಿಬಿಡುವ ಪುಟ್ಟ ಪದ್ಯ. ಓದುವವರು ಅದನ್ನು ದಾಟಿಕೊಂಡು ಹೋಗುತ್ತಾರೆ, ಪಾಠ ಮಾಡುವವರೂ ಅಷ್ಟೆ. ಆದರೆ ಈ ಕಾವ್ಯ ಕುತೂಹಲದ ಮೇಲೆ ನಿಂತಿಲ್ಲ ಎಂದು ಕವಿಯೇ ಸಂಧಿಗೊಮ್ಮೆ ಸಾರುತ್ತಿರುವುದು ಅಲ್ಲಿ. ದುರ್ಯೋಧನನ ತೊಡೆ ಮುರಿಯುತ್ತದೆಂದು ಗೊತ್ತಿದ್ದೇ ಜನ ದೊಡ್ಡಾಟಕ್ಕೆ ಚಾಪೆ ಹಿಡಿದು ಬರುತ್ತಾರೆ. ಹೇಗೆ ಮುರಿಯುತ್ತದೆ, ಆಗ ಅವನು ಏನನ್ನುತ್ತಾನೆ ಎಂಬುದು ಅವರಿಗೆ ಬೇಕು. ಲಕ್ಷಣಗಳ ಪುಟದಲ್ಲಿ ‘ಸೂಚನೆ’ಗೆ ಒಂದು ಸಾಲೂ ಇಲ್ಲ.

ಇನ್ನು ವಿಶೇಷಣ, ಸೂತ್ರ ಎಂಬ ಎರಡು ಪದಗಳಿವೆ. ಇವು ಹೊರಗಿನವೇ, ಆದರೆ ಸರಿಯಾಗಿ ಹಿಡಿದರೆ ಕೆಲಸ ಮಾಡುತ್ತವೆ. ಹೋಮರನ ವೀರರಿಗೆ ಮತ್ತೆ ಮತ್ತೆ ಅದೇ ವಿಶೇಷಣ ಏಕೆ ಬರುತ್ತದೆಂದು ಮಿಲ್ಮನ್ ಪ್ಯಾರಿ 1920ರ ದಶಕದಲ್ಲಿ ಕೇಳಿದ. ಸಾಲಿನಲ್ಲಿ ಉಳಿದ ಜಾಗ ಎಷ್ಟು, ಹೆಸರು ಯಾವ ವಿಭಕ್ತಿಯಲ್ಲಿದೆ ಎಂಬುದರ ಮೇಲೆ ವಿಶೇಷಣ ಆಯ್ಕೆಯಾಗುತ್ತದೆಂದು ತೋರಿಸಿದ. ನಮ್ಮಲ್ಲಿ ಇದನ್ನು ಕಿವಿಯಲ್ಲಿ ಪರೀಕ್ಷಿಸಲು ಭಾಮಿನಿ ಷಟ್ಪದಿ ಸಾಕು. ಅದರ ನಡೆ ಮೂರು-ನಾಲ್ಕು, ಮೂರು-ನಾಲ್ಕು. ಅರ್ಜುನನ ಹೆಸರುಗಳನ್ನು ಅಳೆಯೋಣ. ‘ನರ’ ಎರಡು ಮಾತ್ರೆ, ‘ಪಾರ್ಥ’ ಮೂರು, ‘ಅರ್ಜುನ’ ‘ಫಲುಗುಣ’ ನಾಲ್ಕು. ‘ನ’ ವಿಭಕ್ತಿ ಹಚ್ಚಿದರೆ ‘ಪಾರ್ಥನ’ ನಾಲ್ಕಾಗಿ ಅರ್ಜುನನ ಜಾಗಕ್ಕೆ ಬರುತ್ತದೆ, ‘ಅರ್ಜುನನ’ ಐದಾಗಿ ಗಣದಿಂದ ಹೊರಗೆ ಚಾಚುತ್ತದೆ. ‘ಸವ್ಯಸಾಚಿಯ’ ಎಂದರೆ ‘ಸವ್ಯ’ ಮೂರು, ‘ಸಾಚಿಯ’ ನಾಲ್ಕು. ಒಂದೇ ಹೆಸರು ಅರ್ಧ ಸಾಲನ್ನು ಅಳತೆ ಕೊಟ್ಟು ಹೊಲಿಸಿದಂತೆ ತುಂಬಿತು! ‘ಕಿರೀಟಿ’ಯೂ ನಾಲ್ಕೇ ಮಾತ್ರೆ, ಆದರೆ ಲಘುವಿನ ಮೇಲೆ ಗುರು ಬರುವ ವಿನ್ಯಾಸ ಗಣದ ಮೊದಲಿಗೆ ಸಲ್ಲದು. ಹಾಗಾಗಿ ‘ಕಿ’ ಹಿಂದಿನ ಗಣದ ಬಾಲಕ್ಕೆ ಹೋಗಬೇಕು, ‘ರೀಟಿ’ ಮುಂದಿನದಕ್ಕೆ. ಇದರ ಮೇಲೆ ಆದಿಪ್ರಾಸದ ಹಿಡಿತ ಬೇರೆ.

ಹಾಗಾದರೆ ಕವಿ ಮಾತ್ರೆ ಎಣಿಸಿ ಹೆಸರಿಟ್ಟನೇ? ಇಲ್ಲಿ ಪ್ಯಾರಿಯ ಜತೆ ನಾನು ಪೂರ್ತಿ ಹೋಗಲಾರೆ. ಕೃಷ್ಣ ‘ಪಾರ್ಥ’ ಎಂದು ಕರೆದಾಗ ಕುಂತಿ ನೆನಪಾಗುತ್ತಾಳೆ. ಮಾತ್ರೆ ಅನುಮತಿ ಕೊಟ್ಟ ಎರಡು ಮೂರು ಹೆಸರುಗಳೊಳಗೆ ಕವಿಯ ಆಯ್ಕೆ ಉಳಿದೇ ಇರುತ್ತದೆ, ವಿಮರ್ಶೆ ನೋಡಬೇಕಾದ್ದು ಆ ಕಿರಿದಾದ ಜಾಗವನ್ನು. ದೊಡ್ಡಾಟದಲ್ಲಿ ಆ ಇಕ್ಕಟ್ಟೇ ಇಲ್ಲ. ಪಾತ್ರ ರಂಗಕ್ಕೆ ಬಂದೊಡನೆ ಸಾರಥಿ ಯಾರು ಎತ್ತ ಎಂದು ವಿಚಾರಿಸುತ್ತಾನೆ, ಪಾತ್ರ ಕುಲ ಪರಾಕ್ರಮ ಬಿರುದುಗಳನ್ನೆಲ್ಲ ಹರಡಿ ಹೇಳಿಕೊಳ್ಳುತ್ತದೆ. ವಿಶೇಷಣವೆಂದರೇನು ಎಂದು ನೋಟ್ಸಿನಲ್ಲಿ ಬರೆದುಕೊಂಡ ಮಕ್ಕಳು ಅದನ್ನು ಕಣ್ಣೆದುರೇ ಕಂಡಿದ್ದಾರೆ.

ಪ್ಯಾರಿ ಮತ್ತು ಅವನ ಶಿಷ್ಯ ಲಾರ್ಡ್ ಮೌಖಿಕ, ಲಿಖಿತ ಎಂದು ಗೆರೆ ಎಳೆದರು. ಗದುಗಿನ ಕವಿಯ ಮುಂದೆ ಆ ಗೆರೆ ಅಲುಗುತ್ತದೆ. ಹಲಗೆ ಬಳಪ ಹಿಡಿಯೆನು, ಇಟ್ಟ ಪದವನ್ನು ಅಳಿಸೆನು, ಓಲೆಯ ಮೇಲೆ ಕಂಠದ ಸದ್ದು ನಿಲ್ಲದು ಎಂಬರ್ಥದಲ್ಲಿ ಅವನು ಹೆಮ್ಮೆ ಪಡುತ್ತಾನೆ. ಬರೆಯುವವನ ಹೆಮ್ಮೆಯೇ ಇದು, ಆದರೆ ಹಾಡುವವನಿಗೆ ಒಪ್ಪುವಂಥದು. ಹಾಡುವವರಿಗೂ ಆಡಿದ ಮಾತನ್ನು ಅಳಿಸುವ ಅನುಕೂಲವಿಲ್ಲ.

ಇದನ್ನೆಲ್ಲ ಬಾಯಿಗೆ ತರುವವರು ಗಮಕಿಗಳು. ನಮ್ಮ ಬಳ್ಳಾರಿ ತಾಲ್ಲೂಕಿನವರೇ ಆದ ಜೋಳದರಾಶಿ ದೊಡ್ಡನಗೌಡರು ನಟರೂ ಹೌದು, ಹೆಸರಾಂತ ಗಮಕಿಗಳೂ ಹೌದು. ಗಣ ಮುರಿದಲ್ಲಿ ಅರ್ಥ ಮುರಿಯದಂತೆ ಓದುವುದೇ ಗಮಕದ ಪದಚ್ಛೇದ. ಹಿಂದಿನ ಗಣಕ್ಕೆ ಸರಿದ ‘ಕಿ’ಯನ್ನು ‘ರೀಟಿ’ಗೆ ಮತ್ತೆ ಕೂಡಿಸಿ ಕೇಳಿಸುವುದು ಓದುವ ದನಿ. ಛಂದಸ್ಸಿನ ಪಾಠದಲ್ಲಿ ಪ್ರಸ್ತಾರ ಹಾಕಿಸುತ್ತಾರೆ, ಪದಚ್ಛೇದದ ಮಾತೆತ್ತುವುದಿಲ್ಲ. ಗೀಟು ಹಾಕಿದ ಪದ್ಯ ಮತ್ತೆ ಒಂದಾಗುವುದು ಹೇಗೆಂದು ವಿದ್ಯಾರ್ಥಿಗೆ ತಿಳಿಯದೇ ಹೋಗುತ್ತದೆ.

ಸಾಲದ ಪದ ಪೂರ್ತಿ ನಮ್ಮದಾದದ್ದೂ ಉಂಟು. ‘ಮಹೋಪಮೆ’ ಅಂಥದು. ಕುವೆಂಪು ಶ್ರೀರಾಮಾಯಣದರ್ಶನದಲ್ಲಿ ಹೋಮರ್, ಮಿಲ್ಟನ್‌ರ ದೀರ್ಘ ಉಪಮೆಯನ್ನು ಮಲೆನಾಡಿನ ಕಾಡು ಮಳೆಗಳಿಂದ ತುಂಬಿದ ಮೇಲೆ ಆ ಪದವಿಲ್ಲದೆ ಆ ಕಾವ್ಯವನ್ನು ಚರ್ಚಿಸುವುದೇ ಕಷ್ಟ. ಅದನ್ನೇ ಹಿಂದಕ್ಕೊಯ್ದು ಕುಮಾರವ್ಯಾಸನಲ್ಲಿ ಹುಡುಕುವುದು ವ್ಯರ್ಥ. ಅವನ ಬಲ ರೂಪಕ. ಉಪಮೆ ಬಿಡಿಸಿ ಹೇಳುವಷ್ಟು ಹೊತ್ತು ಅವನು ನಿಲ್ಲುವುದಿಲ್ಲ.

ಈ ಪದಗಳು ಎಟುಕದ ಕಾವ್ಯವೂ ಈ ಸೀಮೆಯಲ್ಲಿದೆ. 2014ರಲ್ಲಿ ತೀರಿಕೊಂಡ ದರೋಜಿ ಈರಮ್ಮ ಅಕ್ಷರ ಕಲಿತವರಲ್ಲ, ಕುಮಾರರಾಮನ ಕತೆಯನ್ನು ನೆನಪಿನಿಂದ ಹಾಡುತ್ತಿದ್ದರು. ಅದೇ ಕುಮಾರರಾಮನನ್ನು ನಂಜುಂಡ ಕವಿ ಸಾಂಗತ್ಯದಲ್ಲಿ ಬರೆದ. ನಂಜುಂಡನದು ಕಾವ್ಯವೆಂದು ಯಾರೂ ವಾದಿಸಬೇಕಾಗಿ ಬರಲಿಲ್ಲ. ಈರಮ್ಮನವರಂಥವರು ಹಾಡಿದ್ದನ್ನು ವಿದ್ವಾಂಸರು ‘ಜನಪದ ಮಹಾಕಾವ್ಯ’ ಎಂದು ಕರೆದರು. ಗೌರವದಿಂದ ಕರೆದದ್ದೇ. ಆದರೂ ಆ ಹೆಸರು ಬಂದೊಡನೆ ನಾಯಕ ಧೀರೋದಾತ್ತನೇ, ವರ್ಣನೆಗಳು ಎಷ್ಟು ಎಂಬ ಪ್ರಶ್ನೆಗಳು ಬೆನ್ನಿಗೇ ಬರುತ್ತವೆ. ಹಾಡುಗಾರಿಕೆಯ ಒಳಗಿನ ಪದಗಳು ಬೇರೆ. ಮಾದೇಶ್ವರನ ಕಾವ್ಯ ಹಾಡುವವರು ಕಥೆಯ ಭಾಗಕ್ಕೆ ‘ಸಾಲು’ ಎನ್ನುತ್ತಾರೆ. ಸಂಕಮ್ಮನ ಸಾಲು ಎಂದರೆ ಒಂದು ರಾತ್ರಿಯ ಲೆಕ್ಕ ಹಾಕಬಹುದು, ಸರ್ಗದ ಲೆಕ್ಕವಲ್ಲ. ನಮ್ಮ ಕಡೆಯ ಬುರ್ರಕತೆಯಲ್ಲಿ ಮುಖ್ಯ ಹಾಡುಗಾರರು ಉಸಿರು ತೆಗೆದುಕೊಳ್ಳುವ ಹೊತ್ತಿಗೆ ಹಿಮ್ಮೇಳ ದನಿ ಕೊಡುತ್ತದೆ. ಆ ಹೊತ್ತಿನಲ್ಲಿ ಮುಂದಿನ ನುಡಿ ಕೂಡಿಬರುತ್ತದೆ. ಆ ಬಿಡುವಿಗೆ ನಮ್ಮ ಲಕ್ಷಣಗಳ ಪುಟದಲ್ಲಿ ಹೆಸರಿಲ್ಲ. ಹಾಡುವವರನ್ನು ಕೇಳಿದರೆ ಒಂದು ಸಿಗಬಹುದು.