ಬಳಕೆದಾರನ ಕಡೆಯಿಂದ ಅಳೆದ ತಂತ್ರಾಂಶ

ಐಬಿಎಂ ಸಂಸ್ಥೆಯ ಆಲನ್ ಆಲ್‌ಬ್ರೆಕ್ಟ್ 1979ರಲ್ಲಿ ಮಂಡಿಸಿದ ಫಂಕ್ಷನ್ ಪಾಯಿಂಟ್ ವಿಧಾನವು ತಂತ್ರಾಂಶದ ಗಾತ್ರವನ್ನು ಕೋಡ್‌ನ ಸಾಲುಗಳಿಂದಲ್ಲದೆ, ಅದು ಬಳಕೆದಾರನಿಗೆ ಮಾಡಿಕೊಡುವ ಕೆಲಸಗಳಿಂದ ಅಳೆಯುತ್ತದೆ. ಒಂದೇ ಕೆಲಸಕ್ಕೆ ಅಸೆಂಬ್ಲಿ ಭಾಷೆಯಲ್ಲಿ ಕೊಬಾಲ್‌ಗಿಂತ ಎಷ್ಟೋ ಪಟ್ಟು ಹೆಚ್ಚು ಸಾಲುಗಳು ಬೇಕಾಗುವುದರಿಂದ, ಸಾಲುಗಳ ಲೆಕ್ಕವು ಉದ್ದಕ್ಕೆ ಬರೆದವನನ್ನೇ ಹೆಚ್ಚು ದುಡಿದವನೆಂದು ತೋರಿಸುತ್ತಿತ್ತು. ಅಲ್ಲದೆ ಕೋಡ್ ಬರೆದು ಮುಗಿಯುವವರೆಗೆ ಆ ಲೆಕ್ಕ ಸಿಗುತ್ತಲೂ ಇರಲಿಲ್ಲ. ಅಗತ್ಯಗಳ ವಿವರಣೆ ಸಿದ್ಧವಾದೊಡನೆ ಗಾತ್ರವನ್ನು ಹೇಳಲು ಸಾಧ್ಯವಾದದ್ದು ಈ ವಿಧಾನದ ದೊಡ್ಡ ಸಾಧನೆ.

ಇಂದಿನ ರೂಪದಲ್ಲಿ ಐದು ಬಗೆಯ ಘಟಕಗಳನ್ನು ಎಣಿಸಲಾಗುತ್ತದೆ: ಒಳಬರುವ ಇನ್‌ಪುಟ್, ಲೆಕ್ಕಾಚಾರಗೊಂಡು ಹೊರಹೋಗುವ ಔಟ್‌ಪುಟ್, ಇದ್ದ ಮಾಹಿತಿಯನ್ನು ಹಾಗೆಯೇ ತೆಗೆದುಕೊಡುವ ಎನ್‌ಕ್ವೈರಿ, ವ್ಯವಸ್ಥೆ ತಾನೇ ನಿರ್ವಹಿಸುವ ಆಂತರಿಕ ಕಡತ, ಮತ್ತು ಬೇರೊಂದು ವ್ಯವಸ್ಥೆಯಿಂದ ಓದಿಕೊಳ್ಳುವ ಬಾಹ್ಯ ಕಡತ. ಪ್ರತಿಯೊಂದನ್ನೂ ಸರಳ, ಮಧ್ಯಮ, ಸಂಕೀರ್ಣವೆಂದು ವಿಂಗಡಿಸಿ ಅಂಕ ಕೊಡಲಾಗುತ್ತದೆ. ಇನ್‌ಪುಟ್‌ಗೆ 3, 4 ಅಥವಾ 6, ಆಂತರಿಕ ಕಡತಕ್ಕೆ 7, 10 ಅಥವಾ 15.

ವಿಧಾನದ ದೌರ್ಬಲ್ಯವಿರುವುದು ಈ ಅಂಕಗಳಲ್ಲಿಯೇ. ಗ್ರಂಥಾಲಯವೊಂದರ ಸದಸ್ಯರ ಕಡತದಲ್ಲಿ ಎರಡು ಉಪಗುಂಪುಗಳೂ 19 ಫೀಲ್ಡ್‌ಗಳೂ ಇದ್ದರೆ ಅದಕ್ಕೆ 7 ಅಂಕ. ಮೊಬೈಲ್ ಸಂಖ್ಯೆಯ ಒಂದು ಫೀಲ್ಡ್ ಸೇರಿ 20 ಆದೊಡನೆ 10 ಅಂಕ. ಇನ್ನೊಂದು ತುದಿಯಲ್ಲಿ, ಆರು ಉಪಗುಂಪುಗಳ ಕಡತದಲ್ಲಿ 51 ಫೀಲ್ಡ್‌ಗಳಿದ್ದರೂ 500 ಇದ್ದರೂ ಅಂಕ 15ನ್ನು ಮೀರುವುದಿಲ್ಲ. ಸಣ್ಣ ಬದಲಾವಣೆಗೆ ಹಠಾತ್ತನೆ ಜಿಗಿಯುವ, ದೊಡ್ಡದನ್ನು ಗುರುತಿಸದೆ ನಿಂತುಬಿಡುವ ಈ ಮಾಪನವನ್ನು ಚಾರ್ಲ್ಸ್ ಸೈಮನ್ಸ್ 1988ರಲ್ಲಿಯೇ ಪ್ರಶ್ನಿಸಿದ್ದರು; ಅವರ ಆಕ್ಷೇಪಕ್ಕೆ ಈ ವಿಧಾನದೊಳಗೆ ತೃಪ್ತಿಕರ ಉತ್ತರ ಇಂದಿಗೂ ದೊರೆತಿಲ್ಲ. ಹದಿನಾಲ್ಕು ಗುಣಗಳಿಗೆ 0ಯಿಂದ 5ರವರೆಗೆ ಅಂಕವಿತ್ತು ಮೊತ್ತವನ್ನು 0.65ರಿಂದ 1.35ರ ನಡುವಿನ ಸಂಖ್ಯೆಯಿಂದ ಗುಣಿಸುವ ಹೊಂದಾಣಿಕೆಯಂತೂ ಅಳತೆಯೊಳಗೆ ಅಭಿಪ್ರಾಯವನ್ನು ಬೆರೆಸುತ್ತಿತ್ತು. ಐಎಸ್‌ಒ 20926 ಮಾನಕವು ಅದನ್ನು ಹೊರಗಿಟ್ಟದ್ದು ಸರಿಯಾದ ನಿರ್ಧಾರ.

ಮುಂದೆ ಬಂದ ಕಾಸ್ಮಿಕ್ ವಿಧಾನವು ಮಾಹಿತಿಯ ಪ್ರವೇಶ, ನಿರ್ಗಮನ, ಓದು, ಬರಹ ಎಂಬ ನಾಲ್ಕು ಚಲನೆಗಳಲ್ಲಿ ಪ್ರತಿಯೊಂದಕ್ಕೂ ಒಂದು ಅಂಕವಿಟ್ಟು, ಮೇಲ್ಮಿತಿಯನ್ನೇ ತೆಗೆದುಹಾಕಿತು. ಹಾಗಿದ್ದರೂ, ಕೆಲವೇ ಸಂಖ್ಯೆಗಳನ್ನು ಪಡೆದು ಒಳಗೆ ಅಪಾರ ಗಣಿತ ನಡೆಸುವ ಹವಾಮಾನ ಮುನ್ಸೂಚನೆಯಂತಹ ತಂತ್ರಾಂಶದ ಭಾರವನ್ನು ಎರಡೂ ವಿಧಾನಗಳು ಹಿಡಿಯಲಾರವು. ಬ್ಯಾಂಕು, ವಿಮೆ, ವೇತನಪಟ್ಟಿಗಳಂತಹ ದಾಖಲೆಪ್ರಧಾನ ವ್ಯವಸ್ಥೆಗಳಲ್ಲಿ ಮಾತ್ರ ಫಂಕ್ಷನ್ ಪಾಯಿಂಟ್ ನಂಬಲರ್ಹವಾಗುತ್ತದೆ. ಅಲ್ಲಿಯೂ ಅಂಕಗಳನ್ನು ದುಡಿಮೆಯ ದಿನಗಳಿಗೆ ಪರಿವರ್ತಿಸಲು ಆಯಾ ಸಂಸ್ಥೆ ತನ್ನ ಹಿಂದಿನ ಯೋಜನೆಗಳ ದಾಖಲೆಯನ್ನೇ ಆಧರಿಸಬೇಕು, ಎರವಲು ತಂದ ಸರಾಸರಿಯನ್ನಲ್ಲ.

ಎಣಿಕೆಯ ಫಲಿತಾಂಶಕ್ಕಿಂತ ಎಣಿಸುವ ಕ್ರಿಯೆಯೇ ಹಲವು ಬಾರಿ ಹೆಚ್ಚು ಉಪಯುಕ್ತ. ಒಂದು ಪರದೆ ಯಾವ ಕಡತವನ್ನು ಬದಲಿಸುತ್ತದೆ, ಯಾವುದನ್ನು ಓದುತ್ತದೆ ಎಂದು ನಿರ್ಧರಿಸಲಾಗದೆ ಎಣಿಸುವವನು ತಡೆದು ನಿಂತಲ್ಲಿ, ಅಗತ್ಯಗಳ ವಿವರಣೆಯೇ ಅಪೂರ್ಣವಾಗಿರುವುದು ಕೋಡ್‌ನ ಮೊದಲ ಸಾಲು ಬರೆಯುವ ಮುನ್ನವೇ ತಿಳಿದುಬರುತ್ತದೆ.